ಕಿತ್ತಳೆ ಮುಚ್ಚಳ ತೆಗೆದ ಮೇಲೆ

ಅಕ್ಕ–ಭಾವನ ಹೊಸ ಫ್ಲ್ಯಾಟಿನ ಗೃಹಪ್ರವೇಶ. ಬೆಂಗಳೂರಿನ ಅಂಚಿನಲ್ಲಿ, ಹನ್ನೊಂದನೇ ಮಹಡಿ. ಗಣಹೋಮದ ಹೊಗೆ ಹಾಲ್ ತುಂಬಿ ಪ್ಯಾಸೇಜಿಗೂ ನುಗ್ಗಿತ್ತು. ಪುರೋಹಿತರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಸೆರಗಿನಲ್ಲೋ ಶಲ್ಯದಲ್ಲೋ ಕಣ್ಣೊರೆಸಿಕೊಳ್ಳುತ್ತಿದ್ದರು. ಉರಿಯುವ ಕಣ್ಣೆತ್ತಿ ಚಾವಣಿ ನೋಡಿದೆ. ಹಾಲ್‌ನಲ್ಲಿ ಒಂದು, ಮೂರು ಕೋಣೆಗಳಲ್ಲಿ ಒಂದೊಂದು, ಒಟ್ಟು ನಾಲ್ಕು ಸ್ಮೋಕ್ ಡಿಟೆಕ್ಟರ್‌ಗಳು ಬೋರಲು ಹಾಕಿದ ಬಟ್ಟಲಿನಂತೆ ಅಂಟಿಕೊಂಡಿದ್ದವು. ಅಷ್ಟು ಹೊಗೆಯಲ್ಲೂ ಒಂದಾದರೂ ಸದ್ದು ಮಾಡಲಿಲ್ಲ. ಊಟವಾದ ಮೇಲೆ ಕುರ್ಚಿ ಹತ್ತಿ ನೋಡಿದರೆ ನಾಲ್ಕಕ್ಕೂ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಮುಚ್ಚಳ ಹಾಗೇ ಇತ್ತು.

"ಭಾವ, ಈ ಮುಚ್ಚಳ ಯಾಕೆ ತೆಗೆದಿಲ್ಲ?"

"ಅದು ತೆಗೆಯೋದಾ? ಬಿಲ್ಡರ್ ಕೊಟ್ಟಾಗಿಂದ ಹಾಗೇ ಇದೆಯಪ್ಪ. ಅದರ ಡಿಸೈನೇ ಅಷ್ಟು ಅಂದ್ಕೊಂಡಿದ್ದೆ."

ಭಾವ ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದವರು, ಗೃಹಸಾಲದ ಕಾಗದದ ಒಂದೊಂದು ಸಾಲನ್ನೂ ಓದಿಯೇ ಸಹಿ ಹಾಕಿದವರು. ಅಂಥವರಿಗೂ ಈ ಮುಚ್ಚಳದ ವಿಷಯ ಯಾರೂ ಹೇಳಿರಲಿಲ್ಲ. ಪೇಂಟಿಂಗ್, ಪಿಒಪಿ, ಟೈಲ್ಸ್ ಕೊರೆಯುವ ಕೆಲಸ ನಡೆಯುವಾಗ ಧೂಳು ಒಳಗೆ ಹೋಗದಿರಲಿ ಎಂದು ತಯಾರಕರೇ ಅದನ್ನು ಹಾಕಿ ಕಳಿಸುತ್ತಾರೆ. ಕೆಲಸ ಮುಗಿದ ದಿನ ತೆಗೆಯಬೇಕು. ತೆಗೆಯದಿದ್ದರೆ ಕಣ್ಣಿಗೆ ಬಟ್ಟೆ ಕಟ್ಟಿ ಕಾವಲಿಗೆ ನಿಲ್ಲಿಸಿದ ಹಾಗೆ. ಆಮೇಲೆ ಎಷ್ಟೋ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ತಲೆಯೆತ್ತಿ ನೋಡಿದ್ದೇನೆ, ವರ್ಷ ಎರಡು ವರ್ಷ ಕಳೆದರೂ ಹಾಗೇ ಉಳಿದಿರುವ ಕಿತ್ತಳೆ, ಹಳದಿ ಮುಚ್ಚಳಗಳನ್ನು ಕಂಡಿದ್ದೇನೆ. ಈ ಲೇಖನ ಓದುತ್ತಿರುವವರು ಹೊಸ ಫ್ಲ್ಯಾಟಿನಲ್ಲಿದ್ದರೆ ಒಮ್ಮೆ ಮೇಲೆ ನೋಡಿ, ಆಮೇಲೆ ಓದು ಮುಂದುವರಿಸಿ.

ಬೆಂಕಿ ಬಿದ್ದರೆ ವಾಸನೆಗೆ ಎಚ್ಚರವಾಗುತ್ತದೆ, ಅದಕ್ಕೊಂದು ಯಂತ್ರ ಯಾಕೆ ಎನ್ನುವವರು ಬಹಳ. ನಾನೂ ಹಾಗೇ ನಂಬಿದ್ದೆ. ಮೈಸೂರಿನಲ್ಲಿ ಓದುವಾಗ ಬಾಡಿಗೆ ಕೋಣೆಯಲ್ಲಿ ಇಬ್ಬರಿದ್ದೆವು. ಒಂದು ರಾತ್ರಿ ಸೊಳ್ಳೆ ಬತ್ತಿಯ ತುದಿಗೆ ಗೆಳೆಯನ ಹತ್ತಿ ಹಾಸಿಗೆಯ ಅಂಚು ತಾಗಿದೆ. ಉರಿಯಿಲ್ಲ, ಜ್ವಾಲೆಯಿಲ್ಲ, ಬೂದಿ ಮುಚ್ಚಿದ ಕೆಂಡದಂತೆ ಒಳಗೊಳಗೇ ಹತ್ತಿ ಬೇಯುತ್ತಾ ಹೋಗಿದೆ. ಬೆಳಗ್ಗೆ ಹಾಲಿನವನು ಬಾಗಿಲು ಬಡಿದಾಗಲೇ ನಾವು ಎದ್ದದ್ದು. ಕೋಣೆ ಬೆಳ್ಳಗೆ, ತಲೆ ಒಡೆಯುವಂಥ ನೋವು, ಎದ್ದು ನಿಂತರೆ ಕಾಲಿನಲ್ಲಿ ಬಲವಿಲ್ಲ. ಹಾಸಿಗೆಯಲ್ಲಿ ತಟ್ಟೆಯಗಲದ ಕಪ್ಪು ಗುಂಡಿ. ಅಷ್ಟು ಹೊತ್ತು ಸೀದ ವಾಸನೆ ಮೂಗಿನ ಪಕ್ಕದಲ್ಲೇ ಇದ್ದರೂ ಇಬ್ಬರಲ್ಲಿ ಒಬ್ಬರಿಗೂ ಎಚ್ಚರವಾಗಿರಲಿಲ್ಲ. ಅಂದು ಹಾಲಿನವನು ರಜೆ ಹಾಕಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ.

ಇದರ ಕಾರಣ ತಿಳಿದದ್ದು ಬಹಳ ವರ್ಷಗಳ ನಂತರ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಡಾನ್ ಮತ್ತು ರೇಚಲ್ ಹರ್ಜ್ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಲಗಿದವರ ಮೂಗಿನ ಬಳಿ ಪುದೀನದ ಪರಿಮಳವನ್ನೂ ಪಿರಿಡೀನ್ ಎಂಬ ಕೆಟ್ಟ ವಾಸನೆಯನ್ನೂ ಹಾಯಿಸಿ ನೋಡಿದರು. ಮಂಪರಿನಲ್ಲಿದ್ದವರು ಎಚ್ಚೆತ್ತರು. ನಿದ್ದೆ ಗಾಢವಾದ ಮೇಲೆ ಪಿರಿಡೀನ್ ಕೂಡ ಅವರನ್ನು ಎಬ್ಬಿಸಲು ಸಾಲದಾಯಿತು. ಅದೇ ಜನ ಶಬ್ದಕ್ಕೆ ಎದ್ದರು. ನಿದ್ದೆಯಲ್ಲಿ ಕಿವಿ ಕಾವಲಿಗಿರುತ್ತದೆ, ಮೂಗು ಇರುವುದಿಲ್ಲ. ಹೊಗೆಯನ್ನು ಸದ್ದಾಗಿ ಬದಲಿಸಿ ಕೊಡುವ ಒಂದು ವಸ್ತು ಮನೆಯಲ್ಲಿ ಬೇಕು ಎನ್ನುವುದು ಈ ಒಂದೇ ಕಾರಣಕ್ಕೆ.

ಹೊಗೆ ಎಂದರೆ ಕಣ್ಣುರಿಯಷ್ಟೇ ಅಲ್ಲ. ಅರೆಬರೆ ಸುಡುವ ಬಟ್ಟೆ, ಮರ, ಫೋಮ್ ಎಲ್ಲದರಿಂದಲೂ ಕಾರ್ಬನ್ ಮೊನಾಕ್ಸೈಡ್ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂರುತ್ತದೆ, ನಿದ್ದೆ ಇನ್ನಷ್ಟು ಆಳವಾಗುತ್ತದೆ. ಸೋಫಾ, ಹಾಸಿಗೆಗಳ ಪಾಲಿಯುರೆಥೇನ್ ಫೋಮ್ ಸುಟ್ಟರೆ ಹೈಡ್ರೋಜನ್ ಸಯನೈಡ್ ಕೂಡ ಬರುತ್ತದೆ. ಮನೆ ತುಂಬ ಮರ, ಹತ್ತಿಯ ಸಾಮಾನೇ ಇದ್ದ ದಿನಗಳಲ್ಲಿ ಬೆಂಕಿ ಹೊತ್ತಿದ ಮೇಲೆ ಹೊರಗೆ ಓಡಲು ಸುಮಾರು 17 ನಿಮಿಷ ಸಿಗುತ್ತಿತ್ತು, ಇಂದಿನ ಫೋಮು ಪ್ಲಾಸ್ಟಿಕ್ಕಿನ ಮನೆಯಲ್ಲಿ ಸಿಗುವುದು 3 ನಿಮಿಷ ಅಥವಾ ಅದಕ್ಕೂ ಕಡಿಮೆ ಎಂಬುದು ಅಮೆರಿಕದ ಯುಎಲ್ ಸಂಸ್ಥೆಯ ಅಗ್ನಿಸುರಕ್ಷಾ ಸಂಶೋಧಕರ ಲೆಕ್ಕ. ಆ ಮೂರು ನಿಮಿಷದಲ್ಲಿ ಮೊದಲನೆಯದು ನಿದ್ದೆಯಲ್ಲೇ ಕಳೆದುಹೋಗಬಾರದು.

ಹೊಗೆ ಹಿಡಿಯುವ ವಿಧಾನ ಮುಖ್ಯವಾಗಿ ಎರಡು. ಒಂದರಲ್ಲಿ ಅಮೆರಿಸಿಯಂ-241 ಎಂಬ ವಿಕಿರಣಶೀಲ ವಸ್ತುವಿನ ಒಂದು ಕಣ, ಮೈಕ್ರೋಗ್ರಾಂಗೂ ಕಡಿಮೆ, ಇರುತ್ತದೆ. ಅದು ಪುಟ್ಟ ಗೂಡಿನೊಳಗಿನ ಗಾಳಿಯನ್ನು ಅಯಾನುಗಳಾಗಿ ಒಡೆಯುವುದರಿಂದ ಸಣ್ಣದೊಂದು ವಿದ್ಯುತ್ ಸದಾ ಹರಿಯುತ್ತಿರುತ್ತದೆ. ಹೊಗೆಯ ಕಣ ಒಳಹೊಕ್ಕು ಅಯಾನುಗಳಿಗೆ ಅಂಟಿಕೊಂಡರೆ ಆ ಹರಿವು ಕುಗ್ಗುತ್ತದೆ, ಗಂಟೆ ಹೊಡೆಯುತ್ತದೆ. ಇದರ ಹುಟ್ಟಿನ ಹಿಂದೆ ಒಂದು ಸೋಲಿದೆ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಭೌತವಿಜ್ಞಾನಿ ವಾಲ್ಟರ್ ಯೇಗರ್ ವಿಷಾನಿಲ ಪತ್ತೆ ಮಾಡುವ ಸಾಧನಕ್ಕಾಗಿ ಹೆಣಗುತ್ತಿದ್ದರು. ಅನಿಲ ಬಿಟ್ಟರೂ ಮೀಟರಿನ ಮುಳ್ಳು ಅಲುಗಲಿಲ್ಲ. ಬೇಸರದಿಂದ ಒಂದು ಸಿಗರೇಟು ಹಚ್ಚಿದರು, ಅದರ ಹೊಗೆಗೆ ಮುಳ್ಳು ಕದಲಿತು. ಆ ಸಾಧನ ಸಾಮಾನ್ಯ ಮನೆಗಳಿಗೆ ಇಳಿಯಲು ಹಲವು ದಶಕ ಬೇಕಾಯಿತು. 1960ರ ದಶಕದಲ್ಲಿ ಅಮೆರಿಕದ ಕೊಲರಾಡೊದ ಡ್ವೇನ್ ಪಿಯರ್ಸಾಲ್ ಬ್ಯಾಟರಿಯಲ್ಲಿ ನಡೆಯುವ ರೂಪ ಕೊಟ್ಟ ನಂತರವೇ ಅದು ಮನೆಮನೆಗೆ ಹೋದದ್ದು.

ಇನ್ನೊಂದು ವಿಧಾನಕ್ಕೆ ಫೋಟೋಎಲೆಕ್ಟ್ರಿಕ್ ಎಂದು ಹೆಸರು. ಹೆಂಚಿನ ಮನೆಯ ಗಾಜಿನ ಹೆಂಚಿನಿಂದ ಬಿಸಿಲುಕೋಲು ಇಳಿದಾಗ ಅದರಲ್ಲಿ ಧೂಳು ಮಿನುಗುವುದನ್ನು ನೋಡಿದವರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ಕತ್ತಲೆ ಗೂಡಿನಲ್ಲಿ ಒಂದು ಸಣ್ಣ ಎಲ್‌ಇಡಿ, ಅದರ ಬೆಳಕು ನೇರವಾಗಿ ಬೀಳದಂತೆ ಓರೆಯಾಗಿ ಕೂರಿಸಿದ ಒಂದು ಬೆಳಕುಗಣ್ಣು. ಹೊಗೆ ಬಂದರೆ ಕಣಗಳಿಗೆ ತಾಗಿದ ಬೆಳಕು ಚದುರಿ ಆ ಕಣ್ಣಿಗೆ ಬೀಳುತ್ತದೆ. ಧಗ್ಗನೆ ಹೊತ್ತುವ ಕಾಗದ, ಎಣ್ಣೆಯ ಉರಿಯನ್ನು ಮೊದಲ ಬಗೆ ತುಸು ಬೇಗ ಹಿಡಿಯುತ್ತದೆ. ನಮ್ಮ ಮೈಸೂರಿನ ಹಾಸಿಗೆಯಂತೆ ಒಳಗೇ ಬೇಯುವ ಬೆಂಕಿಯ ದಪ್ಪ ಹೊಗೆಯನ್ನು ಎರಡನೆಯದು ಬಹಳ ಮೊದಲೇ ಹಿಡಿಯುತ್ತದೆ. ಅಡುಗೆಯ ಘಾಟಿಗೆ ಸುಮ್ಮನೆ ಕಿರುಚುವ ಚಾಳಿಯೂ ಇದಕ್ಕೆ ಕಡಿಮೆ. ಸೊಳ್ಳೆ ಬತ್ತಿ, ದೇವರ ದೀಪದ ಬತ್ತಿಯನ್ನು ಎಳೆದೊಯ್ಯುವ ಇಲಿ, ಬಿಸಿಯಾಗಿ ಕರಗುವ ಎಕ್ಸ್‌ಟೆನ್ಷನ್ ಬೋರ್ಡು, ಇವು ನಮ್ಮ ಮನೆಗಳ ರಾತ್ರಿಯ ಅಪಾಯ. ಆದ್ದರಿಂದ ನಮ್ಮ ಮನೆಗೆ ಫೋಟೋಎಲೆಕ್ಟ್ರಿಕ್ ಬಗೆಯದೇ ಇರಲಿ ಎನ್ನುವುದು ನನ್ನ ನಿಲುವು. ಎರಡೂ ಬಗೆ ಕೂಡಿರುವುದು ಸಿಕ್ಕರೆ ಇನ್ನೂ ಒಳ್ಳೆಯದು. ವಿದೇಶದಿಂದ ಯಾರಾದರೂ ತಂದುಕೊಟ್ಟ ಹಳೆಯ ಅಮೆರಿಸಿಯಂ ಅಲಾರಂ ಮನೆಯಲ್ಲಿದ್ದರೆ ಅದನ್ನು ಒಡೆಯಬೇಡಿ, ಗುಜರಿಗೆ ಹಾಕಬೇಡಿ. ಗೋಡೆಯ ಮೇಲಿದ್ದಾಗ ಅದರಿಂದ ಅಪಾಯವಿಲ್ಲ, ಬಿಚ್ಚಿ ಮುಟ್ಟಬಾರದಷ್ಟೆ.

ಕೊಳ್ಳುವಾಗ ಜನ ಎಡವುವ ಜಾಗ ಬೇರೆಯದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರಿನ ಫೈರ್ ಸಾಮಾನಿನ ಅಂಗಡಿಯಲ್ಲೋ ಸ್ಮೋಕ್ ಡಿಟೆಕ್ಟರ್ ಕೊಡಿ ಎಂದು ಕೇಳಿದರೆ ಕೊಡುವುದು ಬಹುಮಟ್ಟಿಗೆ ಆಫೀಸು, ಆಸ್ಪತ್ರೆಗಳಲ್ಲಿ ಬಳಸುವ ಬಗೆ. ಅದು ಹೊಗೆಯನ್ನು ಹಿಡಿಯುತ್ತದೆ, ಆದರೆ ಅದಕ್ಕೆ ಸ್ವಂತ ದನಿಯಿಲ್ಲ, ಬ್ಯಾಟರಿಯಿಲ್ಲ. ಎರಡು ವೈರಿನಲ್ಲಿ ಕಟ್ಟಡದ ಫೈರ್ ಅಲಾರಂ ಪ್ಯಾನೆಲ್‌ಗೆ ಸುದ್ದಿ ಕಳಿಸುವುದಷ್ಟೇ ಅದರ ಕೆಲಸ. ಅದನ್ನು ತಂದು ಚಾವಣಿಗೆ ಸ್ಕ್ರೂ ಹೊಡೆದು ನೆಮ್ಮದಿಯಾಗಿ ಮಲಗಿದವರನ್ನು ನಾನು ಬಲ್ಲೆ. ಮನೆಗೆ ಬೇಕಾದದ್ದು ಸ್ಟ್ಯಾಂಡ್ ಅಲೋನ್ ಸ್ಮೋಕ್ ಅಲಾರಂ, ಕಣ್ಣೂ ಬಾಯೂ ಒಂದೇ ಡಬ್ಬಿಯಲ್ಲಿರುವಂಥದು. ಈ ಮಾತನ್ನು ಹೀಗೇ ಹೇಳಿ ಕೇಳಬೇಕು. ಡಬ್ಬದ ಮೇಲೆ ಇಎನ್ 14604 ಅಥವಾ ಯುಎಲ್ 217 ಎಂಬ ಗುರುತು ಇದೆಯೇ ನೋಡಿ, ಮೊದಲನೆಯದು ಯುರೋಪಿನ, ಎರಡನೆಯದು ಅಮೆರಿಕದ ಮಾನಕ. ಗುರುತೇ ಇಲ್ಲದ ಅಗ್ಗದ ಮಾಲಿಗಿಂತ ಇನ್ನೊಂದು ತಿಂಗಳು ಕಾದು ಗುರುತಿರುವುದನ್ನು ಕೊಳ್ಳುವುದು ಮೇಲು.

ಭಾವನ ಮನೆಯಲ್ಲಿದ್ದದ್ದೂ ಪ್ಯಾನೆಲ್‌ನ ಬಗೆಯೇ. ಮುಚ್ಚಳ ತೆಗೆದು, ಅಸೋಸಿಯೇಷನ್ನಿನ ಎಲೆಕ್ಟ್ರಿಷಿಯನ್ನನ್ನು ಕರೆಸಿ ಪರೀಕ್ಷೆ ಮಾಡಿಸಿದೆವು. ಕೆಳಗೆ ಸೆಕ್ಯೂರಿಟಿ ಕೋಣೆಯಲ್ಲಿ ದೀಪ ಹತ್ತಿತು, ಲಿಫ್ಟಿನ ಮುಂದಿನ ಹೂಟರ್ ಕೂಗಿತು. ಕೋಣೆಯ ಬಾಗಿಲು ಹಾಕಿ, ಫ್ಯಾನ್ ಓಡಿಸಿ, ಮಂಚದ ಮೇಲೆ ಮಲಗಿ ಕೇಳಿದರೆ ಆ ಸದ್ದು ಎಲ್ಲೋ ದೂರದ ರಸ್ತೆಯಲ್ಲಿ ಹೋಗುವ ಆಂಬುಲೆನ್ಸಿನಂತೆ ಕೇಳುತ್ತಿತ್ತು. ಕಟ್ಟಡದ ವ್ಯವಸ್ಥೆ ಕಟ್ಟಡಕ್ಕೆ, ಮಲಗಿರುವವರ ಕಿವಿಗೆ ಬೇರೆಯದೇ ಬೇಕು ಎಂದು ಆಗಲೇ ಮೂರು ಅಲಾರಂ ತರುವುದೆಂದಾಯಿತು.

ಎಲ್ಲಿ ಹಾಕಬೇಕು? ಯಾವ ಕಂಪನಿಯದು ಎನ್ನುವುದಕ್ಕಿಂತ ಇದು ದೊಡ್ಡ ಪ್ರಶ್ನೆ. ಅಮೆರಿಕದ ಅಗ್ನಿಸುರಕ್ಷಾ ಸಂಹಿತೆ ಪ್ರತಿ ಮಲಗುವ ಕೋಣೆಯೊಳಗೆ ಒಂದು, ಆ ಕೋಣೆಗಳ ಹೊರಗಿನ ಪ್ಯಾಸೇಜಿನಲ್ಲಿ ಒಂದು, ಮಹಡಿಗೊಂದು ಎನ್ನುತ್ತದೆ. ಒಂದೇ ಕೊಳ್ಳುವ ಶಕ್ತಿ ಇದ್ದರೆ ಮಲಗುವ ಕೋಣೆಗಳ ಬಾಗಿಲ ಮುಂದೆ, ಅಡುಗೆಮನೆಯಿಂದ ಬರುವ ದಾರಿಯಲ್ಲಿ ಹಾಕಿ. ಹೊಗೆ ಬಿಸಿಯಾಗಿ ಮೇಲೇರಿ ಚಾವಣಿಯಡಿ ಹರಡುವುದರಿಂದ ಅಲಾರಂ ಚಾವಣಿಯಲ್ಲೇ ಇರಬೇಕು, ಗೋಡೆಯಾದರೆ ಚಾವಣಿಯಿಂದ ಒಂದು ಅಡಿಯೊಳಗೆ. ಹೆಂಚಿನ ಮನೆಯ ಇಳಿಜಾರು ಮಾಡಾದರೆ ನೆತ್ತಿಯ ಮೂರು ಅಡಿಯೊಳಗೆ, ಆದರೆ ತೀರಾ ಸಂದಿಯಲ್ಲಿ ಅಲ್ಲ, ಅಲ್ಲಿ ಗಾಳಿ ಆಡುವುದಿಲ್ಲ. ಆರ್‌ಸಿಸಿ ಮನೆಯಲ್ಲಿ ಕೆಳಗೆ ಇಳಿದಿರುವ ಬೀಮು ಹೊಗೆಗೆ ಅಡ್ಡಗಟ್ಟೆಯಾಗುತ್ತದೆ, ಹೊಗೆ ಬೀಮಿನ ಆಚೆ ತುಂಬಿ ತುಳುಕುವ ತನಕ ಈಚೆಗೆ ಬರುವುದಿಲ್ಲ. ಅಂಥ ಕಡೆ ಬೀಮಿನ ಯಾವ ಮಗ್ಗುಲು ಎಂದು ಯೋಚಿಸಿ ಹಾಕಬೇಕು.

ನಮ್ಮ ಮನೆಗಳಲ್ಲಿ ಇದನ್ನೆಲ್ಲ ಕೆಡಿಸುವುದು ಚಾವಣಿಯ ಫ್ಯಾನು. ರೆಕ್ಕೆ ಮೇಲೆ ಬರುವ ಹೊಗೆಯನ್ನು ಹೊಡೆದು ಚದುರಿಸಿಬಿಡುತ್ತದೆ. ಅದೇ ಸಂಹಿತೆ ಫ್ಯಾನ್ ರೆಕ್ಕೆಯ ತುದಿಯಿಂದ ಕನಿಷ್ಠ ಮೂರು ಅಡಿ ದೂರ ಬಿಡಬೇಕೆನ್ನುತ್ತದೆ. ನಮ್ಮ ಸಾಮಾನ್ಯ ಫ್ಯಾನಿನ ಹರವು 1200 ಮಿಲಿಮೀಟರ್, ಅಂದರೆ ನಡುವಿನಿಂದ ತುದಿಗೆ ಎರಡು ಅಡಿ. ಅದಕ್ಕೆ ಮೂರು ಕೂಡಿಸಿದರೆ ಐದು. ಹತ್ತಡಿಯ ಕೋಣೆಯ ನಡುವೆ ಫ್ಯಾನಿದ್ದರೆ ಐದು ಅಡಿಗೆ ಗೋಡೆಯೇ ಬಂತು! ಹಾಗಾಗಿ ಚಿಕ್ಕ ಕೋಣೆಗಳಲ್ಲಿ ಚಾವಣಿಯ ಮೂಲೆಯ ಕಡೆ ಸರಿಸಬೇಕು, ಇಲ್ಲವೇ ಬಾಗಿಲ ಪಕ್ಕದ ಗೋಡೆಯ ಮೇಲ್ಭಾಗಕ್ಕೆ ಹಾಕಬೇಕು. ಎಲೆಕ್ಟ್ರಿಷಿಯನ್ನಿಗೆ ಬಿಟ್ಟರೆ ಅವನು ವೈರು ಹತ್ತಿರವಿದೆಯೆಂದು ಫ್ಯಾನಿನ ಮಗ್ಗುಲಲ್ಲೇ ಕೂರಿಸಿ ಹೋಗುತ್ತಾನೆ. ಟೇಪು ಹಿಡಿದು ನೀವೇ ಗುರುತು ಹಾಕಿ. ಎಸಿಯ ಗಾಳಿ ಬೀಸುವ ಬಾಯಿ, ಬಿಸಿನೀರಿನ ಹಬೆ ಬರುವ ಬಚ್ಚಲಿನ ಬಾಗಿಲು, ಇವುಗಳಿಂದಲೂ ಮೂರು ಅಡಿ.

ಇನ್ನು ಒಗ್ಗರಣೆ. ಕಾದ ಎಣ್ಣೆಗೆ ಸಾಸಿವೆ, ಒಣಮೆಣಸಿನಕಾಯಿ ಬಿದ್ದಾಗ ಏಳುವ ಘಾಟು ಮನುಷ್ಯರನ್ನೇ ಕೆಮ್ಮಿಸುತ್ತದೆ, ಹೊಗೆ ಹಿಡಿಯುವ ಡಬ್ಬಿಯನ್ನು ಬಿಟ್ಟೀತೇ? ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರನ್ನು ಕೇಳಿ ನೋಡಿ. ಮೊದಲ ವಾರ ದೋಸೆ ಹುಯ್ದದ್ದು, ಅಲಾರಂ ಕಿರುಚಿದ್ದು, ಟವೆಲ್ ಬೀಸುತ್ತಾ ಕುರ್ಚಿ ಹತ್ತಿದ್ದು, ಕೊನೆಗೆ ಬ್ಯಾಟರಿ ಕಿತ್ತು ಡ್ರಾಯರಿಗೆ ಹಾಕಿದ್ದು, ಈ ಕಥೆ ಎಲ್ಲರ ಬಳಿ ಇದೆ. ನಗುತ್ತಲೇ ಹೇಳುತ್ತಾರೆ. ಆದರೆ ಆ ದೇಶದ ಮನೆಬೆಂಕಿಗಳಲ್ಲಿ ಸಾಯುವ ಐವರಲ್ಲಿ ಹೆಚ್ಚುಕಡಿಮೆ ಮೂವರು ಅಲಾರಂ ಇಲ್ಲದ ಅಥವಾ ಇದ್ದೂ ಕೆಲಸ ಮಾಡದ ಮನೆಗಳವರು. ಕೆಲಸ ಮಾಡದ್ದಕ್ಕೆ ದೊಡ್ಡ ಕಾರಣ ಬ್ಯಾಟರಿ ಇಲ್ಲದಿರುವುದು, ಕಿತ್ತಿಟ್ಟಿರುವುದು. ಸುಮ್ಮಸುಮ್ಮನೆ ಕೂಗಿದರೆ ಅದು ಯಂತ್ರದ ತಪ್ಪಲ್ಲ, ಜಾಗದ ತಪ್ಪು. ಒಲೆಯಿಂದ ಕನಿಷ್ಠ ಹತ್ತು ಅಡಿ ದೂರಕ್ಕೆ ಸರಿಸಿ. ಹಷ್ ಬಟನ್ ಇರುವುದನ್ನೇ ಕೊಳ್ಳಿ, ಒತ್ತಿದರೆ ಕೆಲವು ನಿಮಿಷ ಸುಮ್ಮನಿದ್ದು ಮತ್ತೆ ತಾನಾಗಿ ಕಾವಲಿಗೆ ನಿಲ್ಲುತ್ತದೆ.

ಅಡುಗೆಮನೆಯೊಳಗೆ ಬೇಕಾದದ್ದು ಹೀಟ್ ಅಲಾರಂ. ಅದಕ್ಕೆ ಹೊಗೆಯ ಗೊಡವೆಯಿಲ್ಲ. ಶಾಖ ಒಂದು ಮಿತಿ ಮೀರಿದರೆ, ಸಾಮಾನ್ಯವಾಗಿ 57 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, ಕೂಗುತ್ತದೆ. ಸ್ಕಾಟ್ಲೆಂಡಿನಲ್ಲಿ 2022ರ ಫೆಬ್ರುವರಿಯಿಂದ ಪ್ರತಿ ಮನೆಯ ಅಡುಗೆಮನೆಯಲ್ಲಿ ಇದು ಇರಲೇಬೇಕು, ಮನೆಯ ಎಲ್ಲ ಅಲಾರಂಗಳೂ ಒಂದು ಕೂಗಿದರೆ ಉಳಿದವೂ ಕೂಗುವಂತೆ ಬೆಸೆದಿರಬೇಕು. ಸಿಂಗಪುರ 2018ರ ಜೂನ್‌ನಿಂದ ಹೊಸ ಮನೆಗಳಿಗೆ, ಫ್ರಾನ್ಸ್ 2015ರ ಮಾರ್ಚ್‌ನಿಂದ ಎಲ್ಲ ಮನೆಗಳಿಗೆ ಸ್ಮೋಕ್ ಅಲಾರಂ ಕಡ್ಡಾಯ ಮಾಡಿವೆ. ಸೌದೆ ಒಲೆ, ಹಂಡೆಯ ಬಚ್ಚಲಿರುವ ಮಲೆನಾಡಿನ ಮನೆಗಳಿಗೂ ಒಲೆಯ ಕಡೆ ಹೀಟ್ ಅಲಾರಂ, ಮಲಗುವ ಕಡೆ ಸ್ಮೋಕ್ ಅಲಾರಂ ಎಂದು ಹಂಚಿದರೆ ಸರಿಹೋಗುತ್ತದೆ. ಗ್ಯಾಸ್ ಸೋರಿಕೆ ಹಿಡಿಯುವುದು ಇನ್ನೊಂದೇ ಸಾಧನ, ಸ್ಮೋಕ್ ಅಲಾರಂ ಅದನ್ನು ಹಿಡಿಯುವುದಿಲ್ಲ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ, ಅದರ ಡಿಟೆಕ್ಟರು ಕೆಳಗಿರಬೇಕು. ಪೈಪಿನಲ್ಲಿ ಬರುವ ಗ್ಯಾಸ್ ಹಗುರ, ಅದರದು ಮೇಲೆ.

ಹೋಮ, ಧೂಪ, ಸಾಂಬ್ರಾಣಿಯ ದಿನ ಅಲಾರಂಗೆ ಪ್ಲಾಸ್ಟಿಕ್ ಕವರ್ ಕಟ್ಟಬೇಕಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಆ ಹೊತ್ತು ಮನೆ ತುಂಬ ಎಚ್ಚರವಿರುವ ಜನ ಇರುತ್ತಾರೆ. ಅಕ್ಕ ಈಗ ಒಂದು ಉಪಾಯ ಮಾಡಿದ್ದಾಳೆ. ಕವರ್ ಕಟ್ಟಿದಾಗ ಇನ್ನೊಂದು ದಾರವನ್ನು ದೇವರ ಮನೆಯ ಗಂಟೆಗೆ ಸುತ್ತಿಡುತ್ತಾಳೆ. ಸಂಜೆ ದೀಪ ಹಚ್ಚಿ ಗಂಟೆ ಎತ್ತಿದಾಗ ಕವರಿನ ನೆನಪಾಗಲೇಬೇಕು.

ಇದರ ಆರೈಕೆ ಹೆಚ್ಚೇನಿಲ್ಲ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ನಮ್ಮ ಊರುಗಳ ಧೂಳಿಗೆ, ಒಳಗೆ ಗೂಡು ಕಟ್ಟುವ ಪುಟ್ಟ ಜೇಡಗಳಿಗೆ ಆರು ತಿಂಗಳಿಗೊಮ್ಮೆಯಾದರೂ ಮೆತ್ತನೆಯ ಬ್ರಷ್ಷು, ವ್ಯಾಕ್ಯೂಮ್ ಬೇಕು. ನೀರು, ಸ್ಪ್ರೇ ಬೇಡ. ಸುಣ್ಣಬಣ್ಣದವರು ಅದರ ಮೇಲೂ ರೋಲರ್ ಎಳೆಯದಂತೆ ನೋಡಿಕೊಳ್ಳಿ. ನಿಮಿಷಕ್ಕೊಮ್ಮೆ ಕುಯ್ಕ್ ಎಂದರೆ ಬ್ಯಾಟರಿ ಮುಗಿಯುತ್ತಾ ಬಂದಿದೆ ಎಂದರ್ಥ. ಮೂರು ಸಲ ಬೀಪ್, ನಿಲುಗಡೆ, ಮತ್ತೆ ಮೂರು ಸಲ ಎಂದರೆ ಹೊಗೆ, ಏಳಬೇಕು. ಹತ್ತು ವರ್ಷವಾದ ಮೇಲೆ ಸದ್ದು ಬರುತ್ತಿದ್ದರೂ ಬದಲಿಸಬೇಕು, ಬಟನ್ ಒತ್ತಿದಾಗ ದನಿ ಬರುವುದಕ್ಕೂ ಒಳಗಿನ ಕಣ್ಣು ಚುರುಕಾಗಿರುವುದಕ್ಕೂ ವ್ಯತ್ಯಾಸವಿದೆ. ತಯಾರಾದ ದಿನಾಂಕ ಬೆನ್ನಲ್ಲಿ ಅಚ್ಚಾಗಿರುತ್ತದೆ. ಹತ್ತು ವರ್ಷದ ಲಿಥಿಯಂ ಬ್ಯಾಟರಿಯನ್ನು ಬಿಚ್ಚಲಾಗದಂತೆ ಒಳಗೇ ಬೆಸೆದ ಮಾದರಿಗಳು ಸಿಗುತ್ತವೆ, ರಿಮೋಟಿಗೆ ಬ್ಯಾಟರಿ ಬೇಕೆಂದು ಯಾರೂ ಕೀಳಲಾಗುವುದಿಲ್ಲ. ಫೋನಿಗೆ ಸುದ್ದಿ ಕಳಿಸುವ ವೈಫೈ ಮಾದರಿ ಊರಿನಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬಂದವರಿಗೆ ಉಪಯೋಗವೇ. ಆದರೆ ಕರೆಂಟು ಹೋದಾಗ ರೂಟರ್ ಸತ್ತಿರುತ್ತದೆ, ರಾತ್ರಿ ಫೋನು ಸೈಲೆಂಟ್‌ನಲ್ಲಿರುತ್ತದೆ. ಮೊದಲು ಜೋರು ಗಂಟಲು, ಆಮೇಲೆ ಫೋನು.

ಗಂಟಲಿನ ವಿಷಯದಲ್ಲೂ ಒಂದು ತೊಡಕಿದೆ. ಬಹುಪಾಲು ಅಲಾರಂಗಳ ಕೂಗು 3000 ಹರ್ಟ್ಜ್‌ಗೂ ಮೇಲಿನ ಕೀಚಲು ದನಿ. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದು ಆ ಎತ್ತರದ ದನಿಗಳನ್ನೇ. 520 ಹರ್ಟ್ಜ್‌ನ ತಗ್ಗು ದನಿ ಅವರನ್ನು ಹೆಚ್ಚು ಚೆನ್ನಾಗಿ ಎಬ್ಬಿಸುತ್ತದೆ. ಮಕ್ಕಳದು ಬೇರೆ ಕಥೆ, ಅವರ ನಿದ್ದೆಯೇ ಬಾವಿಯಷ್ಟು ಆಳ. ಅಮೆರಿಕದ ಒಹಾಯೊದ ನೇಷನ್‌ವೈಡ್ ಮಕ್ಕಳ ಆಸ್ಪತ್ರೆಯ ಸಂಶೋಧಕರು 5ರಿಂದ 12 ವರ್ಷದ ಮಕ್ಕಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೀಚಲು ದನಿಗಿಂತ ತಾಯಿಯ ದನಿ ಮಕ್ಕಳನ್ನು ಎಬ್ಬಿಸುವ ಸಾಧ್ಯತೆ ಸುಮಾರು ಮೂರು ಪಟ್ಟು ಹೆಚ್ಚೆಂದು ಕಂಡಿತು. ಅಲಾರಂ ಕೂಗಿದರೆ ಮಗು ಎದ್ದು ಬರುತ್ತದೆಂದು ಕಾಯಬಾರದು, ಹೋಗಿ ಎತ್ತಿಕೊಳ್ಳಬೇಕು.

ಎದ್ದ ಮೇಲೆ? 2021ರ ಸೆಪ್ಟೆಂಬರ್ 21ರಂದು ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್ ಒಂದಕ್ಕೆ ಬೆಂಕಿ ಬಿತ್ತು. ಇಬ್ಬರು ಮಹಿಳೆಯರು ಸತ್ತರು. ಅವರಲ್ಲೊಬ್ಬರು ಬಾಲ್ಕನಿಯ ಗ್ರಿಲ್ ಹಿಂದೆ ಸಿಕ್ಕಿಕೊಂಡು ಕೂಗುತ್ತಿದ್ದ ದೃಶ್ಯವನ್ನು ನಾಡೆಲ್ಲ ನೋಡಿತು. ಅದಕ್ಕೂ ಹಿಂದೆ, 2010ರ ಫೆಬ್ರುವರಿ 23ರಂದು ಬೆಂಗಳೂರಿನದೇ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಅನಾಹುತಕ್ಕೆ ಸಿಕ್ಕಿ ಒಂಬತ್ತು ಜನ ಹೋದರು. ಅಲ್ಲಿ ಮಹಡಿಯಿಂದ ಮಹಡಿಗೆ ಏರಿದ್ದು ಉರಿಗಿಂತ ಹೆಚ್ಚಾಗಿ ಹೊಗೆ. ಕಳ್ಳನ ಭಯಕ್ಕೆ, ಮಗು ಬೀಳುವ ಭಯಕ್ಕೆ ನಾವು ಗ್ರಿಲ್ ಹಾಕುತ್ತೇವೆ, ಆ ಭಯ ಸುಳ್ಳಲ್ಲ. ಆದರೆ ಗ್ರಿಲ್‌ನಲ್ಲಿ ಒಂದು ಬಾಗಿಲು, ಅದಕ್ಕೊಂದು ಬೀಗ, ಬೀಗದ ಕೈ ಕತ್ತಲಲ್ಲೂ ಕೈಗೆ ಸಿಗುವ ಜಾಗದಲ್ಲಿ, ಇಷ್ಟಿಲ್ಲದಿದ್ದರೆ ಅಲಾರಂ ದಕ್ಕಿಸಿಕೊಟ್ಟ ಮೂರು ನಿಮಿಷ ಯಾತಕ್ಕೂ ಬಾರದು. ಹೊರಗೆ ಓಡುವಾಗ ಹಿಂದಿನ ಬಾಗಿಲನ್ನು ಎಳೆದುಕೊಂಡು ಹೋಗಿ, ಮುಚ್ಚಿದ ಬಾಗಿಲು ಬೆಂಕಿಯನ್ನೂ ಹೊಗೆಯನ್ನೂ ಬಹಳ ಹೊತ್ತು ತಡೆಯುತ್ತದೆ. ಲಿಫ್ಟ್ ಬೇಡ. ಹೊಗೆಯಿದ್ದರೆ ಬಗ್ಗಿ, ತೆವಳಿ. ಹೊರಗೆ ಬಂದ ಮೇಲೆ 101 ಅಥವಾ 112.

ಹೊಸ ಅಲಾರಂ ಹಾಕಿದ ವಾರ, ಒಂದು ರಾತ್ರಿ ಹನ್ನೊಂದೂವರೆಗೆ, ಎಲ್ಲರೂ ಮಲಗಿದ ಮೇಲೆ ಭಾವ ಪ್ಯಾಸೇಜಿನ ಅಲಾರಂನ ಬಟನ್ ಒತ್ತಿದರು. ಒಂದಕ್ಕೊಂದು ಬೆಸೆದಿದ್ದರಿಂದ ಮೂರೂ ಒಟ್ಟಿಗೆ ಕೂಗಿದವು. ಅಕ್ಕ ತಟ್ಟನೆ ಎದ್ದಳು. ಹನ್ನೆರಡು ವರ್ಷದ ಸೋದರಳಿಯ ಮಗ್ಗುಲು ಬದಲಿಸಿ ಮಲಗಿದ. ಅಕ್ಕನ ಎಪ್ಪತ್ತೆಂಟರ ಅತ್ತೆಗೆ ಏನೂ ಕೇಳಿಸಿರಲಿಲ್ಲ, ಅವರ ಮಂಚದ ಮೇಲೇ ಒಂದು ಅಲಾರಂ ಕೂಗುತ್ತಿತ್ತು. ಮರುದಿನ ಊಟದ ಮೇಜಿನಲ್ಲಿ ಕೆಲಸ ಹಂಚಿಕೆಯಾಯಿತು. ಅಕ್ಕ ಮಗನನ್ನು ಎಬ್ಬಿಸುವುದು. ಭಾವ ತಾಯಿಯನ್ನು ಕರೆದುಕೊಂಡು ಬರುವುದು. ಅತ್ತೆಯ ಕೋಣೆಯ ಬಾಗಿಲಿಗೆ ರಾತ್ರಿ ಒಳಗಿನಿಂದ ಚಿಲಕ ಹಾಕುವುದು ಬೇಡ ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು, ಹಾಗಾದ್ರೆ ಆ ಬಾಲ್ಕನಿ ಬೀಗದ ಕೈ ಎಲ್ಲಿಡ್ತೀರಿ, ಅದನ್ನ ಹೇಳಿ" ಎಂದರು. ಯಾರಿಗೂ ತಕ್ಷಣ ಗೊತ್ತಾಗಲಿಲ್ಲ. ಹುಡುಕಿದರೆ ಗೃಹಪ್ರವೇಶದ ಉಡುಗೊರೆಗಳ ಚೀಲದ ತಳದಲ್ಲಿ ಸಿಕ್ಕಿತು. ಸೋದರಳಿಯ ಮೊಳೆ, ಸುತ್ತಿಗೆ ತಂದ. ಅಜ್ಜಿಯ ಕೈಗೆ ಎಟುಕುವ ಎತ್ತರ ನೋಡಿ, ಬಾಲ್ಕನಿ ಬಾಗಿಲ ಬಲಗಡೆ ಹೊಡೆದು ಅಲ್ಲಿ ತೂಗುಹಾಕಿದ.